ಹಿಂದಿನ ಸೀಟಿನ ಮೆಕ್ಯಾನಿಕ್

ಮಧುಗಿರಿಯ ಆ ಮೆಕ್ಯಾನಿಕ್ ತಾನು ರಿಪೇರಿ ಮಾಡಿದ ಕಾರನ್ನು ತಾನೇ ಓಡಿಸಿ ನೋಡುತ್ತಿರಲಿಲ್ಲ. ಕೀಯನ್ನು ನಮಗೆ ಕೊಟ್ಟು, ಚಪ್ಪಲಿ ಬಿಟ್ಟು, ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ. "ಹಿಂದೆ ಕೂತೋರ ಸೊಂಟನ ಕೇಳ್ಬೇಕು ಸಾರ್" ಎನ್ನುವುದು ಅವನ ಮಾತು.

ನನ್ನ ಸ್ಪೋರ್ಟಿ ಕಾರಿನ ಕುಲುಕಾಟಕ್ಕೆ ಹೆದರಿ ಅಮ್ಮ ಗೊರವನಹಳ್ಳಿ ಲಕ್ಷ್ಮಿಯ ದರ್ಶನಕ್ಕೆ ಬಸ್ಸಿನಲ್ಲೇ ಹೋಗುತ್ತಿದ್ದಳು. ಮೆಕ್ಯಾನಿಕ್ ಅದರ ಗಡಸು ಸ್ಪ್ರಿಂಗು ತೆಗೆದು ಮೆತ್ತನೆಯದು ಹಾಕಿದ. ಟೈರುಗಳನ್ನೂ ದಪ್ಪನೆಯವಕ್ಕೆ ಬದಲಿಸಿದ. ಐ.ಡಿ.ಹಳ್ಳಿ ರಸ್ತೆಯ ಗುಂಡಿಗಳಲ್ಲಿ ಓಡಿಸುತ್ತಾ "ಹೆಂಗೈತಣ್ಣ?" ಎಂದೆ. ಕನ್ನಡಿಯಲ್ಲಿ ನೋಡಿದರೆ, ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ.

ಕಾರನ್ನು ನೇರ ಮನೆ ಮುಂದೆ ತಂದು ನಿಲ್ಲಿಸಿ ಅಮ್ಮನನ್ನು ಕರೆದೆ. ಅವಳು ಕಿಟಕಿಯಲ್ಲಿ ಇಣುಕಿ ಅವನನ್ನೇ ನೋಡಿದಳು.

"ಪಾಪ, ಎಬ್ಬಿಸ್ಬ್ಯಾಡ ಕಣ್ಲಾ. ನಾನು ಮುಂದೆ ಕೂತ್ಕತೀನಿ, ಗೊರವನಹಳ್ಳಿಗೆ ನಡಿ."