ಐದು ನಿಮಿಷ ಮುಂದಿದ್ದ ಗಡಿಯಾರ

ಸಕ್ಕರೆ ಕಾಯಿಲೆಯವರು ತೋಳಿಗೆ ಅಂಟಿಸಿಕೊಂಡು ಓಡಾಡುವ, ಅಂಗಿಯ ಗುಂಡಿಗಿಂತ ತುಸು ದೊಡ್ಡದಾದ ಸೆನ್ಸರ್ ಹೇಳುವ ಅಂಕಿ ನಿಜವೇ ಎಂದು ಪರೀಕ್ಷಿಸುವ ವಿದ್ಯೆಯಲ್ಲಿ ಹೆಸರು ಮಾಡಿದವರು ಹಲವರಿದ್ದಾರೆ. ಹೆಸರಿನ ಗೊಡವೆಯೇ ಇಲ್ಲದೆ ಮೂವತ್ತೊಂದು ವರ್ಷ ದುಡಿದವರು ನಮ್ಮ ಪ್ರಯೋಗಾಲಯದ ಹಿರಿಯ ತಂತ್ರಜ್ಞೆ. ಕಸ ಗುಡಿಸುವವರಿಂದ ಹಿಡಿದು, ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರಾದ ನಿರ್ದೇಶಕರವರೆಗೆ ಎಲ್ಲರಿಗೂ ಅವರು ‘ಅಕ್ಕ’.

ಸೇರಿದಾಗ ಅವರ ಕೆಲಸ ಗಾಜಿನ ನಳಿಕೆ ತೊಳೆಯುವುದು. ರಕ್ತ ತೆಗೆಯಲು ಕಲಿತ ಮೇಲೆ, ಸೂಜಿ ಕಂಡರೆ ಬಿಳಿಚಿಕೊಳ್ಳುವ ಸ್ವಯಂಸೇವಕರು ಬಾಗಿಲಲ್ಲೇ ನಿಂತು “ಅಕ್ಕ ಇದ್ದಾರಾ?” ಎಂದು ಖಾತ್ರಿ ಮಾಡಿಕೊಂಡೇ ಒಳಗೆ ಬರುತ್ತಿದ್ದರು. ದಿನವಿಡೀ ಕುರ್ಚಿಯಲ್ಲಿ ಕೂರಬೇಕಾದ ಆ ಸ್ವಯಂಸೇವಕರ ಬೆನ್ನಿಗೆಂದು ಅಕ್ಕ ಮನೆಯಲ್ಲಿ ಹೊಲಿದು ತಂದ ದಿಂಬುಗಳು ಇಂದಿಗೂ ಇವೆ; ದಾಸ್ತಾನು ಪುಸ್ತಕದಲ್ಲಿ ಮಾತ್ರ ಇಲ್ಲ.

ಸಮಯಪಾಲನೆಯಲ್ಲಿ ಅವರಿಗೆ ಸಮನಾದವರು ನಮ್ಮಲ್ಲಿರಲಿಲ್ಲ, ಸಮೀಪದವರೂ ಇರಲಿಲ್ಲ. ಕಿರಿಯರು ತಡವಾಗಿ ಬರುವುದಕ್ಕೆ ರೋಸಿ, ಒಂದು ದಿನ ಅವರು ಸ್ಟೂಲು ಹತ್ತಿ ಪರೀಕ್ಷಾ ಕೊಠಡಿಯ ಗೋಡೆ ಗಡಿಯಾರವನ್ನು ಐದು ನಿಮಿಷ ಮುಂದಿಟ್ಟರು. ಎಷ್ಟೋ ಮನೆಗಳಲ್ಲಿ ಮಾಡುವ ಉಪಾಯವೇ. ಕಿರಿಯರು ಆಮೇಲೂ ತಡವಾಗಿಯೇ ಬಂದರು. ಅಕ್ಕ ಗಡಿಯಾರವನ್ನು ಮರೆತರು.

ಅದೇ ಕೊಠಡಿಯಲ್ಲಿ ಹೊಸ ಸೆನ್ಸರೊಂದರ ಪರೀಕ್ಷೆ ಮೂರು ತಿಂಗಳು ನಡೆಯಿತು. ಸಕ್ಕರೆ ಕಾಯಿಲೆಯ ಇಪ್ಪತ್ತನಾಲ್ಕು ಸ್ವಯಂಸೇವಕರಿಂದ ಹದಿನೈದು ನಿಮಿಷಕ್ಕೊಮ್ಮೆ ರಕ್ತ ತೆಗೆದು, ಹೊತ್ತು ಬರೆದು, ಅದೇ ಹೊತ್ತಿಗೆ ಸೆನ್ಸರ್ ತೋರಿದ ಅಂಕಿಯೊಡನೆ ಹೋಲಿಸಿದ್ದಾಯಿತು. ಎರಡೂ ಹೆಗಲಿಗೆ ಹೆಗಲು ಕೊಟ್ಟು ನಡೆದಿದ್ದವು. ಅಕ್ಕನ ಸಹಿಯೂ ಬಿದ್ದ ವರದಿ ಮರುದಿನ ಸೆನ್ಸರ್ ತಯಾರಕರಿಗೆ ಹೊರಡುವುದಿತ್ತು.

ಆಗ ಸಾಧನ ಹಿಂದಿರುಗಿಸಲು ಬಂದ ಸ್ವಯಂಸೇವಕನೊಬ್ಬ, ಮನೆಗಳಿಗೆ ಬಣ್ಣ ಹೊಡೆಯುವವನು, ಗೋಡೆಯತ್ತ ನೋಡಿದ. “ಅಕ್ಕಾ, ನಿಮ್ಮ ಗಡಿಯಾರಕ್ಕೇನು ಅವಸರ? ನನ್ನ ಮೊಬೈಲಿಗಿಂತ ಐದು ನಿಮಿಷ ಮುಂದಿದೆ!”

“ತಡವಾಗಿ ಬರೋರಿಗೆ ಇಟ್ಟ ಮದ್ದು ಕಣಯ್ಯಾ ಅದು,” ಎಂದ ಅಕ್ಕನ ನಗು ಅರ್ಧಕ್ಕೇ ನಿಂತಿತು.

ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ರಕ್ತದಲ್ಲಿ ಈಗ ಆದ ಬದಲಾವಣೆ ಅಲ್ಲಿ ಕಾಣುವುದು ಕೆಲವು ನಿಮಿಷದ ಬಳಿಕ. ಹತ್ತೂವರೆಗೆ ತೆಗೆದ ರಕ್ತಕ್ಕೆ ಹತ್ತು ಮೂವತ್ತೈದು ಎಂದು ಬರೆದುಕೊಟ್ಟು, ಸೆನ್ಸರಿನ ಆ ನಿಧಾನವನ್ನು ಗಡಿಯಾರ ಮುಚ್ಚಿಹಾಕಿತ್ತು. ಪರೀಕ್ಷೆ ನಡೆಸುವವರೇ ಪಕ್ಕದಲ್ಲಿ ನಿಂತು ಉತ್ತರ ಪಿಸುಗುಟ್ಟಿದಂತಾಗಿತ್ತು.

“ಎಲ್ಲದರಿಂದ ಐದು ನಿಮಿಷ ಕಳೆದುಬಿಡೋಣ ಅಕ್ಕ,” ಎಂದರು ನಿರ್ದೇಶಕರು.

“ಕೆಲವರು ಗೋಡೆ ನೋಡಿ ಬರೆದಿದ್ದಾರೆ ಸರ್, ಕೆಲವರು ಕೈಗಡಿಯಾರ ನೋಡಿ. ಯಾವುದರಿಂದ ಕಳೀತೀರಿ? ಸಕ್ಕರೆ ಸರ್ರನೆ ಇಳಿಯುವಾಗ ಆ ಬಣ್ಣ ಹೊಡೆಯೋನು ಏಣಿ ಮೇಲಿರ್ತಾನೆ.”

ಅಕ್ಕ ತಮ್ಮ ಸಹಿಯನ್ನು ಹೊಡೆದುಹಾಕಿ, “ಗಡಿಯಾರ ಮುಂದಿಟ್ಟವಳು ನಾನು” ಎಂದು ಆರಂಭವಾಗುವ ಒಂದು ಪುಟವನ್ನು ಸ್ವಂತ ಕೈಯಲ್ಲಿ ಬರೆದು ವರದಿಯ ಮೇಲಿಟ್ಟರು. ಮೂರು ತಿಂಗಳ ದುಡಿಮೆ ನೀರುಪಾಲಾಯಿತು. ಮೂರು ದಶಕದ ಹೆಸರೂ ಅದರೊಡನೆ ಹೋದೀತೆಂದು ಅವರು ಅಂಜಿದ್ದುಂಟು. ಆದರೂ ಇಪ್ಪತ್ತನಾಲ್ಕು ಜನರಿಗೂ ತಾವೇ ಫೋನು ಮಾಡಿ ತಪ್ಪೊಪ್ಪಿಕೊಂಡು, ಮತ್ತೆ ಬನ್ನಿ ಎಂದು ಬೇಡಿಕೊಂಡರು.

“ನಾನು ಬಾಯಿಬಿಟ್ಟ ತಪ್ಪಿಗೆ ನನ್ನ ಕೈಗೇ ಮತ್ತೆ ಸೂಜಿನಾ ಅಕ್ಕಾ?” ಎಂದು ಗೊಣಗುತ್ತಲೇ ಬಣ್ಣದವನು ಎಲ್ಲರಿಗಿಂತ ಮೊದಲು ಬಂದು ಕೂತ. ಉಳಿದವರಲ್ಲಿ ಇಬ್ಬರ ಹೊರತು ಎಲ್ಲರೂ ಬಂದರು.

ಎರಡನೆಯ ವರದಿ ಮೊದಲಿನದರಷ್ಟು ಚೆಂದವಿರಲಿಲ್ಲ, ನಿಜವಿತ್ತು. ತಯಾರಕರು ಮುಖ ಸಿಂಡರಿಸಿದರೂ, ಸಕ್ಕರೆ ಕುಸಿಯುವ ಮುನ್ಸೂಚನೆಯ ಸದ್ದು ಇನ್ನಷ್ಟು ಬೇಗ ಬರುವಂತೆ ಬದಲಾಯಿಸಿದರು. ಅಕ್ಕನ ಆ ಪುಟ ಈಗ ಹೊಸಬರ ತರಬೇತಿ ಪುಸ್ತಕದ ಮೊದಲ ಪುಟ. ನಮ್ಮ ಪ್ರಯೋಗಾಲಯ ಪಡೆದ ಪ್ರಶಸ್ತಿಗಳು ಗಾಜಿನ ಕಪಾಟಿನಲ್ಲಿವೆ. ಬಂದವರಿಗೆ ನಾವು ಮೊದಲು ತೋರಿಸುವುದು ಈ ಪುಟವನ್ನು.

ಕಳೆದ ವರ್ಷ ಒಂದು ಮಧ್ಯಾಹ್ನ ಅಕ್ಕನಿಗೆ ಫೋನು ಬಂತು. ಬಣ್ಣದವನ ತೋಳಿನ ಸೆನ್ಸರ್ ಕೂಗಿತ್ತು. ಅವನು ಏಣಿಯಿಂದ ಇಳಿದು, ಸಕ್ಕರೆ ನೀರು ಕುಡಿದು, ಗೋಡೆಗೊರಗಿ ಕೂತಿದ್ದ. “ಅಕ್ಕಾ, ಕೆಳಗಿದ್ದೀನಿ,” ಎಂದನಷ್ಟೇ. ಅಕ್ಕ ಆ ದಿನ, ಸೇವಾವಧಿಯಲ್ಲೇ ಮೊದಲ ಬಾರಿಗೆ, ಒಂದು ರಕ್ತದ ಮಾದರಿಯನ್ನು ಎರಡು ನಿಮಿಷ ತಡವಾಗಿ ತೆಗೆದರು. ತಡವೆಂದು ಬರೆದೂ ಇಟ್ಟರು.

ಈಗ ನಿವೃತ್ತರಾಗುತ್ತಿರುವ ಅವರಿಗೆ ಆರೋಗ್ಯ ತುಂಬಿದ ದೀರ್ಘಾಯುಷ್ಯ ದೊರೆಯಲಿ, ಆ ಹಗುರ ಕೈಗೆ ಕೆಲಸ ಎಂದೂ ತಪ್ಪದಿರಲಿ. ಹೊಸಬರಿಗೆ ಪಾಠ ಹೇಳಲು ವಾರಕ್ಕೊಮ್ಮೆ ಬರಬೇಕೆಂದು ನಾವು ಕೇಳಿಕೊಂಡೆವು, ಒಪ್ಪಿದರು. “ಹತ್ತು ಗಂಟೆಗೆ ಆಗಬಹುದಾ ಅಕ್ಕ?” ಎಂದರೆ, ಗೋಡೆಯತ್ತ ಒಮ್ಮೆ ನೋಡಿ ಕೇಳಿದರು: “ಯಾವ ಗಡಿಯಾರದ ಹತ್ತು?”