ಉಪ್ಪು ಸೀನುವ ಪ್ರಾಣಿಗಾಗಿ ರ‍್ಯಾತ್‌ಲಿನ್‌ವರೆಗೆ

ಡಬ್ಲಿನ್ನಿನಿಂದ ಬೆಲ್‌ಫಾಸ್ಟಿಗೆ ಹೊರಟ ರೈಲಿನಿಂದ ಪಲ್ಲವಿ ಡಂಡಾಲ್ಕ್ ಸ್ಟೇಷನ್ನಿನಲ್ಲಿ ಇಳಿದಳು. ನಾನು ಇಳಿಯಲಿಲ್ಲ. ಪಲ್ಲವಿ ನನ್ನ ಅಕ್ಕನ ಮಗಳು. ನಾಲ್ಕು ವರ್ಷದಿಂದ ಡಬ್ಲಿನ್ನಿನ ಬ್ಲಾಂಚರ್ಡ್ಸ್‌ಟೌನಿನಲ್ಲಿ ಬಾಡಿಗೆ ಮನೆ ಹಿಡಿದು, ಇಲ್ಲೇ ಕೆಲಸ ಮಾಡಿಕೊಂಡು, ಇಲ್ಲೇ ತೆರಿಗೆ ಕಟ್ಟಿಕೊಂಡು ಇರುವವಳು. ಆದರೆ ಡಂಡಾಲ್ಕ್ ದಾಟಿದರೆ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್. ಅದಕ್ಕೆ ಅವಳಿಗೆ ಬೇರೆ ವೀಸಾ ಬೇಕು. ಎರಡು ತಿಂಗಳ ಮಟ್ಟಿಗೆ ತುಮಕೂರಿನಿಂದ ಬಂದಿದ್ದ ನನಗೆ ಬೇಡ. ಪ್ರವಾಸಕ್ಕೆಂದು ನಮ್ಮೂರಿನಿಂದಲೇ ಅರ್ಜಿ ಹಾಕಿದ್ದರಿಂದ ಎರಡೂ ಕಡೆಗೆ ಸಲ್ಲುವ ಗುರುತು ನನ್ನ ಪಾಸ್‌ಪೋರ್ಟಿನಲ್ಲಿ ಬಿದ್ದಿತ್ತು. ಇಬ್ಬರೂ ಒಟ್ಟಿಗೆ ಹೋಗೋಣ ಎಂದು ಅವಳ ವೀಸಾಕ್ಕೆ ಮೂರು ವಾರ ಕಾದೆವು. ಬರಲಿಲ್ಲ. ಅಷ್ಟರಲ್ಲಿ ಆಗಸ್ಟ್ ಬಂತು.

“ಫೋನು ಚಾರ್ಜ್ ಇಟ್ಕೊಳ್ಳಿ ಚಿಕ್ಕಮ್ಮ. ಮೆಟ್ಲು ಇಳೀವಾಗ ಮಂಡಿ ನೋಡ್ಕೊಳ್ಳಿ,” ಎಂದಳು ಬಾಗಿಲ ಬಳಿ ನಿಂತು. “ಯಾರಾದ್ರೂ ಹೇಗಿದೀರಿ ಅಂದ್ರೆ ಗ್ರ್ಯಾಂಡ್ ಅಂದ್ಬಿಡಿ. ಇಲ್ಲಿ ಚೆನ್ನಾಗಿದೀನಿ ಅಂತ ಅರ್ಥ, ಅಷ್ಟೇ ಸಾಕು.”

“ಮೂವತ್ತು ವರ್ಷ ಪಾಠ ಮಾಡಿದವಳು ಕಣೇ ನಾನು.”

“ಅದಕ್ಕೇ ಹೇಳಿದ್ದು. ನೀವು ಉತ್ತರ ಶುರು ಮಾಡಿದ್ರೆ ಬೆಲ್ ಹೊಡೆಯೋವರೆಗೂ ನಿಲ್ಸಲ್ಲ.”

ಆ ಪಾಠಗಳಲ್ಲೊಂದು ಈ ಪ್ರಯಾಣಕ್ಕೆ ಕಾರಣ. ಕಡಲ ಇಗ್ವಾನಾ ಅಂದರೆ ಸಮುದ್ರಕ್ಕೆ ಧುಮುಕಿ ಪಾಚಿ ಮೇಯುವ ದೊಡ್ಡ ಹಲ್ಲಿ. ಗಲಾಪಗೋಸ್ ದ್ವೀಪಗಳ ಲಾವಾ ಬಂಡೆಗಳನ್ನು ಬಿಟ್ಟರೆ ಬೇರೆಲ್ಲೂ ಅದು ಇಲ್ಲ. ಹೊಟ್ಟೆಗೆ ಹೋದ ಹೆಚ್ಚಿನ ಉಪ್ಪನ್ನು ಮೂಗಿನಿಂದ ಸೀನಿ ಆಚೆ ಹಾಕುತ್ತದೆ. ಪಿಯು ಹುಡುಗಿಯರಿಗೆ ಬೋರ್ಡಿನ ಮೇಲೆ ಅದರ ಚಿತ್ರ ಬರೆದು, ಸೀನಿಯೂ ತೋರಿಸುತ್ತಿದ್ದೆ. ಒಂದು ವರ್ಷ ಮುಂದಿನ ಬೆಂಚಿನ ಹುಡುಗಿ ಎದ್ದು, “ಮೇಡಮ್, ನೀವು ನೋಡಿದೀರಾ?” ಎಂದಳು. “ನೋಡಿದೀನಿ,” ಎಂದುಬಿಟ್ಟೆ. ಎರಡನೇ ಬೆಂಚಿನಲ್ಲಿ ಪಲ್ಲವಿ ಕೂತಿದ್ದಳು. ಚಿಕ್ಕಮ್ಮ ಆಗಿನ್ನೂ ಮದ್ರಾಸಿನಿಂದ ಆಚೆ ಕಾಲಿಟ್ಟಿಲ್ಲವೆಂದು ಆ ಕೋಣೆಯಲ್ಲಿ ತಿಳಿದಿದ್ದವಳು ಅವಳೊಬ್ಬಳೇ. ಅವಳು ತಲೆ ತಗ್ಗಿಸಿದಳು. ಆಮೇಲೆ ಇಷ್ಟು ವರ್ಷ ಆ ವಿಷಯವನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಗಲಾಪಗೋಸ್ ನನ್ನ ಕೈಗೂ ಮಂಡಿಗೂ ಎಟುಕುವುದಲ್ಲ. ಆದರೆ ಕಡಲ ಹಕ್ಕಿಗಳಿಗೂ ಅಂಥದೇ ಉಪ್ಪಿನ ಗ್ರಂಥಿ ಇದೆ. ಐರ್ಲೆಂಡಿನ ಈಶಾನ್ಯದ ತುದಿಯಲ್ಲಿರುವ ರ‍್ಯಾತ್‌ಲಿನ್ ದ್ವೀಪದ ಮೈಯೂ ಲಾವಾ ಆರಿ ಆದದ್ದೇ. ಲಾವಾ ಬಂಡೆಯ ಮೇಲೆ ಕೂತ ಒಂದು ಜೀವ ಮೂಗಿನಿಂದ ಉಪ್ಪು ಹಾಕುವುದನ್ನು ಒಮ್ಮೆ ನೋಡಬೇಕಿತ್ತು. ನೋಡಿ, ಪಲ್ಲವಿಯ ಮುಂದೆ ಆ ಸುಳ್ಳನ್ನೂ ಒಪ್ಪಿಕೊಳ್ಳಬೇಕಿತ್ತು.

ಗಡಿ ಯಾವಾಗ ದಾಟಿತೋ ತಿಳಿಯಲಿಲ್ಲ. ಗೇಟಿಲ್ಲ, ಬೋರ್ಡೂ ಕಾಣಲಿಲ್ಲ. ಗಡಿಯಾಚೆಯ ನ್ಯೂರಿ ಊರಿನ ಹತ್ತಿರ ಮಳೆ ಹನಿಯುತ್ತಿತ್ತೆಂದು ಈಗ ಬರೆಯುವಾಗ ಅನ್ನಿಸುತ್ತಿದೆ. ನೋಟ್‌ಬುಕ್ಕಿನಲ್ಲಿ ‘ಬಿಸಿಲು, ಕುರಿ’ ಎಂದಿದೆ. ನೋಟ್‌ಬುಕ್ಕನ್ನೇ ನಂಬುತ್ತೇನೆ. ಬೆಲ್‌ಫಾಸ್ಟಿನಲ್ಲಿ ಚಹಾಕ್ಕೆ ಯೂರೋ ಚಾಚಿದೆ, ಅಂಗಡಿಯವಳು ನಕ್ಕು ಪೌಂಡ್ ಕೇಳಿದಳು. ಎರಡು ಬಸ್ಸು ಬದಲಿಸಿ ಸಂಜೆ ಬ್ಯಾಲಿಕ್ಯಾಸಲ್ ಊರು ಸೇರಿದಾಗ ಇನ್ನೂ ಹಗಲಿನ ಬೆಳಕಿತ್ತು. ಪಲ್ಲವಿ ಕಟ್ಟಿಕೊಟ್ಟ ಚಪಾತಿ ಸುರುಳಿ ತಿಂದು ಮಲಗಿದೆ.

ಬೆಳಿಗ್ಗೆ, ನಾನು ಉಳಿದುಕೊಂಡಿದ್ದ ಮನೆಯ ಒಡತಿ ಸೋಡಾ ಬ್ರೆಡ್ಡು, ಬೆಣ್ಣೆ ಇಟ್ಟರು. ನಾನು ಮೇಲೆ ಚಟ್ನಿಪುಡಿ ಉದುರಿಸಿಕೊಂಡೆ. ಅವರೂ ಒಂದು ಚಿಟಿಕೆ ಕೇಳಿ ಪಡೆದು, ಕಣ್ಣು ಒರೆಸಿಕೊಂಡು, ಮತ್ತೊಂದು ಚಿಟಿಕೆ ಹಾಕಿಕೊಂಡರು.

“ಪಫಿನ್ ನೋಡೋಕೆ ಹೊರಟಿದ್ದೀರಾ? ಅವು ಹೋಗಿಬಿಟ್ಟವಲ್ಲ.”

ಪಫಿನ್ ಅಂದರೆ ಬಣ್ಣದ ಕೊಕ್ಕಿನ ಪುಟ್ಟ ಹಕ್ಕಿ. ಎಲ್ಲರೂ ಆ ದ್ವೀಪಕ್ಕೆ ಹೋಗುವುದು ಅದಕ್ಕಾಗಿಯೇ. ಮರಿ ಬೆಳೆದ ಮೇಲೆ ಜುಲೈ ಕೊನೆಗೆ ಕಡಲಿಗೆ ಹೊರಟುಹೋಗುತ್ತದೆ. ಇದು ಗೊತ್ತಾದರೆ ತನ್ನ ವೀಸಾದಿಂದ ಹೀಗಾಯಿತೆಂದು ಪಲ್ಲವಿ ಕೊರಗುತ್ತಾಳೆ ಎಂದುಕೊಂಡೆ. ನನಗೆ ಬೇಕಾದದ್ದು ಮೂಗಿನಿಂದ ಉಪ್ಪು ಹಾಕುವ ಫುಲ್ಮಾರ್ ಹಕ್ಕಿ. ಅದು ಹೋಗಿರಲಾರದೆಂದು ಲೆಕ್ಕ ಹಾಕಿದ್ದೆ.

ನಿಧಾನದ ದೋಣಿ ಮುಕ್ಕಾಲು ಗಂಟೆ ತೆಗೆದುಕೊಂಡಿತು. ಹತ್ತಿರ ಬಂದಂತೆ ದ್ವೀಪದ ಕಡಿದಾದ ಅಂಚು ಕಂಡಿತು: ಕೆಳಗೆ ಸುಣ್ಣಕಲ್ಲಿನ ಬಿಳಿ, ಅದರ ಮೇಲೆ ಲಾವಾದ ಕಪ್ಪು. ದಡದ ಹತ್ತಿರದ ಕಲ್ಲುಗಳ ಮೇಲೆ ಸೀಲುಗಳು ಮಧ್ಯಾಹ್ನದ ಊಟವಾದ ನೆಂಟರಂತೆ ಒರಗಿದ್ದವು. ಅಲ್ಲಿಂದ ಪಶ್ಚಿಮದ ತುದಿಗೆ ಸಣ್ಣ ಬಸ್ಸು. ತುದಿಯಲ್ಲಿ ತಲೆಕೆಳಗಾದ ಲೈಟ್‌ಹೌಸು: ದೀಪ ಬುಡದಲ್ಲಿ, ಕಟ್ಟಡ ಮೇಲೆ. ಹಕ್ಕಿ ನೋಡುವ ಕಟ್ಟೆಗೆ ಉದ್ದಕ್ಕೂ ಮೆಟ್ಟಿಲು. ಒಂದೊಂದಕ್ಕೂ ಎರಡೂ ಕಾಲಿಟ್ಟು, ಕಂಬಿ ಹಿಡಿದು ಇಳಿದೆ. ಕೆಳಗಿನಿಂದ ಮೀನು, ಹಿಕ್ಕೆಗಳ ವಾಸನೆ ಏರಿ ಬರುತ್ತಿತ್ತು.

ಕಟ್ಟೆಯಲ್ಲಿ ದೂರದರ್ಶಕ ಇಟ್ಟುಕೊಂಡು ಒಬ್ಬ ಹಿರಿಯರು ನಿಂತಿದ್ದರು, ಬಂದವರಿಗೆ ಹಕ್ಕಿ ತೋರಿಸುವ ಸ್ವಯಂಸೇವಕರು.

“ಎಲ್ಲ ಖಾಲಿ ಆಯ್ತಮ್ಮ. ಹೋದ ವಾರ ಬರಬೇಕಿತ್ತು.”

“ಫುಲ್ಮಾರ್ ಇದೆಯಾ?”

“ಅದು ಇದ್ದೇ ಇರತ್ತೆ. ಅದನ್ನ ಯಾರೂ ಕೇಳಲ್ಲ.”

ನಾನು ಗ್ರಂಥಿ, ನಳಿಕೆ, ಉಪ್ಪು ಎಂದು ವಿವರಿಸತೊಡಗಿದೆ. ಪಲ್ಲವಿ ಹೇಳಿದ್ದು ನೆನಪಾಗಿ ನಿಲ್ಲಿಸುವಷ್ಟರಲ್ಲಿ ಇಗ್ವಾನಾಕ್ಕೂ ಬಂದಾಗಿತ್ತು.

“ಅಂದರೆ ನೆಗಡಿಯಾದ ಹಕ್ಕಿ ನೋಡೋಕೆ ಭಾರತದಿಂದ ಬಂದಿರಿ,” ಎಂದರು ಅವರು, ಮುಖ ಗಂಭೀರವಾಗಿಟ್ಟುಕೊಂಡೇ. ದೂರದರ್ಶಕವನ್ನು ಕಪ್ಪು ಬಂಡೆಯ ಒಂದು ಸಂದಿಗೆ ತಿರುಗಿಸಿ, ಕುರ್ಚಿ ಎಳೆದುಕೊಟ್ಟರು.

ಬೂದು ರೆಕ್ಕೆ, ಬಿಳಿ ತಲೆ, ಕೊಕ್ಕಿನ ಮೇಲೆ ಕೂರಿಸಿದಂತೆ ಮೂಗಿನ ನಳಿಕೆ. ಪಕ್ಕದಲ್ಲಿ ಹತ್ತಿಯ ಉಂಡೆಯಂಥ ಮರಿ. ಒಂದು ಗಂಟೆ ಏನೂ ಆಗಲಿಲ್ಲ. ಕಣ್ಣು ಬದಲಿಸಿ ಬದಲಿಸಿ ನೋಡಿದೆ. ವಾಪಸ್ ಬಸ್ಸಿಗೆ ಹೊರಡುವವರು ಮೆಟ್ಟಿಲು ಹತ್ತತೊಡಗಿದರು. ಅವರಲ್ಲೊಬ್ಬ ಮುದುಕಿಗೆ ಕೈ ಕೊಡಲು ಸ್ವಯಂಸೇವಕರು ಆ ಕಡೆ ಹೋದರು. ಆಗ ಫುಲ್ಮಾರಿನ ಕೊಕ್ಕಿನ ತುದಿಯಲ್ಲಿ ಏನೋ ಮಿನುಗಿತು. ದಪ್ಪಗಾಯಿತು. ಹಕ್ಕಿ ತಲೆ ಕೊಡವಿತು, ಹನಿ ಉದುರಿತು. ಮಳೆ ಇರಲಿಲ್ಲ, ಬಿಸಿಲಿತ್ತು. ಫೋನು ತೆಗೆಯಬೇಕೆಂಬ ಯೋಚನೆಯೇ ಬರಲಿಲ್ಲ.

“ಬಿತ್ತಾ?” ಎಂದರು ಅವರು ಮರಳಿ ಬಂದು.

“ಗ್ರ್ಯಾಂಡ್,” ಎಂದೆ.

ಮೆಟ್ಟಿಲು ಹತ್ತುವಾಗ ಮಂಡಿ ನೋಯಿತೋ ಇಲ್ಲವೋ ಹೇಳಲಾರೆ. ಬಸ್ಸಿನಲ್ಲಿ ಕೂತು, ಕುಲುಕಾಟದಲ್ಲೇ ನೋಟ್‌ಬುಕ್ ತೆಗೆದು ಬರೆದೆ.

ಮಾರನೆಯ ದಿನ ಅದೇ ರೈಲಿನಲ್ಲಿ ಹಿಂತಿರುಗಿದೆ. ಡಂಡಾಲ್ಕಿನಲ್ಲಿ ಪಲ್ಲವಿ ಫ್ಲಾಸ್ಕು ಹಿಡಿದು ಹತ್ತಿಕೊಂಡಳು. ಪಫಿನ್ ಇರಲಿಲ್ಲವೆಂದು ಮೊದಲೇ ಹೇಳಿದೆ. ಅವಳ ಮುಖ ಸಣ್ಣದಾಗುವ ಮುಂಚೆ ಹನಿಯ ವಿಷಯ ಹೇಳಿದೆ, ಬೆನ್ನಿಗೇ ತರಗತಿಯಲ್ಲಿ ಆಡಿದ ಸುಳ್ಳನ್ನೂ. “ನಿಂಗೆ ಗೊತ್ತಿತ್ತು. ತಲೆ ತಗ್ಗಿಸಿದ್ದೆ.”

“ನಗು ತಡ್ಕೊಳ್ಳೋಕೆ ಚಿಕ್ಕಮ್ಮ,” ಎಂದಳು ಚಹಾ ಬಗ್ಗಿಸುತ್ತ. “ಅವತ್ತೇ ಸಾಯಂಕಾಲ ಅಮ್ಮಂಗೆ ಹೇಳ್ದೆ. ಅಪ್ಪಂಗೂ ಗೊತ್ತು. ಮನೇಲಿ ಯಾರು ಸೀನಿದ್ರೂ ನಿಮ್ಮ ಹೆಸರೇ.”

ಇಷ್ಟು ವರ್ಷ ನಾನು ನೆನಪಿಟ್ಟುಕೊಂಡಿದ್ದ ಆ ತಗ್ಗಿದ ತಲೆಯನ್ನು ಈಗ ಎಲ್ಲಿಡುವುದೋ ತಿಳಿಯಲಿಲ್ಲ. ಇಬ್ಬರೂ ನಕ್ಕೆವು, ಎದುರಿನ ಸೀಟಿನವರು ಕಿಟಕಿಯ ಕಡೆ ತಿರುಗಿಕೊಂಡರು.

“ಸರಿ ಮೇಡಮ್, ಈ ಸಲ ನಿಜ ಹೇಳಿ,” ಎಂದಳು. “ಎಷ್ಟು ಹನಿ ನೋಡಿದ್ರಿ?”

ನೋಟ್‌ಬುಕ್ ಮಡಿಲಲ್ಲೇ ಇತ್ತು. ಕುಲುಕಾಟದ ಅಕ್ಷರಗಳಲ್ಲಿ ‘ಮೂರು’ ಎಂದಿದೆ. ನನ್ನ ಕಣ್ಣಲ್ಲಿ ಉಳಿದಿರುವುದು ಒಂದೇ.

“ಒಂದು,” ಎಂದೆ.