ಅತ್ತೆ ಹಡಗು ಹತ್ತಿದ್ದು

ಹಡಗಿನ ಪ್ರವಾಸಕ್ಕೆ ಸುರಿದ ದುಡ್ಡು ದಕ್ಕಿತಾ ಎಂದು ನನ್ನನ್ನು ಕೇಳದವರು ನಮ್ಮ ಸಾಗರ ಪೇಟೆಯಲ್ಲಿ ಇಬ್ಬರೇ. ಒಂದು ನಮ್ಮ ಮನೆಯ ಬೆಕ್ಕು, ಇನ್ನೊಬ್ಬರು ನಮ್ಮ ಅತ್ತೆ. ಬೆಕ್ಕಿಗೆ ವಿಷಯ ಗೊತ್ತಿಲ್ಲ. ಅತ್ತೆಗೆ ಉತ್ತರ ಗೊತ್ತು. ಉಳಿದವರೆಲ್ಲ ಕೇಳಿಯಾಗಿದೆ. ತರಕಾರಿಯವಳು ಬಸಳೆ ಕಟ್ಟು ಚೀಲಕ್ಕೆ ಹಾಕುತ್ತಾ ಕೇಳಿದಳು. ನಾನು ಕನ್ನಡ ಪಾಠ ಮಾಡುವ ರಿಪ್ಪನ್‌ಪೇಟೆಯ ಹೈಸ್ಕೂಲಿನಲ್ಲಿ ಹೆಡ್‌ಮಾಸ್ತರರು, ರಜೆ ಮುಗಿಸಿ ಹೋದ ನಾನು ಹಾಜರಿ ಪುಸ್ತಕಕ್ಕೆ ಸಹಿ ಹಾಕುವ ಮೊದಲೇ ಕೇಳಿದರು. ಹಲ್ಲಿನ ಡಾಕ್ಟರಂತೂ ನನ್ನ ಬಾಯಿ ತೆರೆಸಿ ಒಳಗೆ ಕನ್ನಡಿ ಇಟ್ಟುಕೊಂಡು ಕೇಳಿದರು. "ಎಷ್ಟಾಯ್ತು ಟೀಚರೇ? ಅಷ್ಟು ಕೊಡೋ ಹಂಗಿತ್ತಾ?" ಆ ಸ್ಥಿತಿಯಲ್ಲಿ ಯಾರಿಗೇ ಆಗಲಿ "ಆಂ" ಎನ್ನುವುದು ಬಿಟ್ಟು ಬೇರೇನು ಹೇಳಲು ಸಾಧ್ಯ ಹೇಳಿ.

ಈ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಪ್ರಶ್ನೆ ತಪ್ಪದೆ ಬರುತ್ತದೆ. "ಅದಕ್ಕಿಂತ ಲಾಂಚಲ್ಲಿ ಹೋಗಿ ಬಂದಿದ್ರೆ ಆಗ್ತಿರ್ಲಿಲ್ವಾ?" ನಮ್ಮ ಕಡೆಯವರಿಗೆ ನೀರಿನ ಮೇಲಿನ ಪ್ರಯಾಣ ಅಂದರೆ ಶರಾವತಿ ಹಿನ್ನೀರಿನ ಲಾಂಚೇ ಲೆಕ್ಕ. ಬಸ್ಸು, ಜೀಪು, ಗ್ಯಾಸ್ ಸಿಲಿಂಡರು, ಕರು ಹಾಕಿದ ಎಮ್ಮೆ, ಮದುವೆ ದಿಬ್ಬಣ, ಎಲ್ಲವನ್ನೂ ಒಟ್ಟಿಗೆ ಹೇರಿಕೊಂಡು, ಚಿಲ್ಲರೆ ಕಾಸಿಗೆ ಆಚೆ ದಡ ಮುಟ್ಟಿಸುತ್ತಿತ್ತು ಅದು. ಸಿಗಂದೂರಿನ ಕಡೆಗೆ ಈಗ ಸೇತುವೆಯಾಗಿದೆ, ಲಾಂಚಿನ ದರ್ಬಾರು ಮುಗಿದಿದೆ. ಆದರೆ ನಮ್ಮ ತಲೆಯಿಂದ ಅದು ಇಳಿದಿಲ್ಲ. ಮುಂಬೈ ಬಂದರಿಗೆ ನಮ್ಮ ಮನೆಯವರು ನಮ್ಮನ್ನೆಲ್ಲ ಐದು ತಾಸು ಮೊದಲೇ ಎಳೆದುಕೊಂಡು ಹೋಗಿ ನಿಲ್ಲಿಸಿದರು. ಸಾಗರದಲ್ಲಿ ಪಂಪ್ ರಿಪೇರಿ ಅಂಗಡಿ ಇಟ್ಟಿರುವ ಮನುಷ್ಯ, ಹಳ್ಳಿ ಹಳ್ಳಿ ತಿರುಗಿ, ಕೊನೇ ಲಾಂಚು ತಪ್ಪಿಸಿಕೊಂಡು ದಡದಲ್ಲಿ ಬಾಯಿ ಬಾಯಿ ಬಿಟ್ಟವರು. ಅಷ್ಟು ದೊಡ್ಡ ಹಡಗನ್ನು ಕಂಡದ್ದೇ ಅವರು ಅಲ್ಲಿನ ಸಿಬ್ಬಂದಿಯನ್ನು ಕೇಳಿದ ಮೊದಲ ಪ್ರಶ್ನೆ, "ಗಾಡಿ ಯಾವ ಕಡೆಯಿಂದ ಹತ್ತಿಸ್ತಾರೆ?" ನಮ್ಮ ಹತ್ತಿರ ಗಾಡಿ ಇರಲಿಲ್ಲ. ಹೊನ್ನಾವರದಲ್ಲಿ ರೈಲು ಹತ್ತಿ ಬಂದಿದ್ದೆವು. ಸುಮ್ಮನೆ ತಿಳಿದುಕೊಂಡಿರಲಿ ಅಂತ ಕೇಳಿದ್ದಂತೆ.

ನಿಮ್ಮ ಹತ್ತಿರ ಮುಚ್ಚುಮರೆ ಏನು, ಈ ಪ್ರವಾಸದ ಹಿಂದೆ ನನ್ನ ಸ್ವಾರ್ಥವೊಂದಿತ್ತು. ಅದನ್ನು ಹೇಳಬೇಕಾದರೆ "ಅಡ್ಡಿಲ್ಲೆ" ಎಂಬ ಮಾತಿನ ಬೆಲೆ ನಿಮಗೆ ಗೊತ್ತಾಗಬೇಕು. ನಮ್ಮ ಹವ್ಯಕರ ಮನೆಗಳಲ್ಲಿ ಹೊಗಳಿಕೆಗೆ ಬಹಳ ಬರ. ಊಟ ಅಮೃತದಂತಿದ್ದರೆ "ಅಡ್ಡಿಲ್ಲೆ". ಮಗಳು ರ‍್ಯಾಂಕ್ ಬಂದರೆ "ಅಡ್ಡಿಲ್ಲೆ". ದೇವರೇ ಎದುರು ಬಂದು ನಿಂತರೂ ನಮ್ಮ ಹಿರಿಯರು ಒಮ್ಮೆ ಕೆಳಗಿನಿಂದ ಮೇಲೆ ನೋಡಿ "ಅಡ್ಡಿಲ್ಲೆ" ಎನ್ನುವವರೇ. ಅಡ್ಡಿ ಇಲ್ಲ, ತಕರಾರಿಲ್ಲ, ಪಾಸು. ಅದರ ಮೇಲೆ ಇನ್ನೊಂದು ಮೆಟ್ಟಿಲಿಲ್ಲ. ನಾನು ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೇಳು ವರ್ಷ. ಅತ್ತೆಯ ಬಾಯಿಂದ ನನ್ನ ಪಾಲಿಗೆ ಒಂದೇ ಒಂದು "ಅಡ್ಡಿಲ್ಲೆ" ಬಂದಿರಲಿಲ್ಲ. ತೀರ್ಥಹಳ್ಳಿಯಲ್ಲಿರುವ ನನ್ನ ವಾರಗಿತ್ತಿ ವೀಣಾ, ಅಂದರೆ ನನ್ನ ಮೈದುನನ ಹೆಂಡತಿ, ಯಾವುದೋ ಯುಗಾದಿಗೆ ಬಂದು ಒಂದು ತಂಬುಳಿ ಕಲಸಿ ಆ ಮಾತನ್ನು ಹೊಡೆದುಕೊಂಡು ಹೋದಳು. ತಂಬುಳಿ! ಮಜ್ಜಿಗೆಗೆ ಸೊಪ್ಪು ಅರೆದು ಹಾಕಿದರೆ ಆಗುವ ಪದಾರ್ಥ. ನನಗೆ ಆ ರಾತ್ರಿ ಊಟ ಸೇರಲಿಲ್ಲ ಅಂದರೆ ನಗಬೇಡಿ.

ಅದೇ ವೀಣಾ ಕಳೆದ ವರ್ಷ ಹಡಗಿನ ಪ್ರವಾಸ ಮಾಡಿ ಬಂದಳು. ಬಂದವಳು ನೆಂಟರಿಷ್ಟರ ವಾಟ್ಸಾಪ್ ಗುಂಪಿಗೆ ನೂರಾರು ಫೋಟೋ ಹಾಕಿದಳು. ನಾನೂ ಹೊರಡಲು ನಿರ್ಧರಿಸಿದೆ. ಅಡುಗೆಮನೆಯ ಕಪಾಟು ಹೊಸದಾಗಿ ಮಾಡಿಸಲು ಎತ್ತಿಟ್ಟಿದ್ದ ದುಡ್ಡು ನನ್ನದು. ಕಪಾಟಿನ ಬಾಗಿಲಿಗೆ ಸುತಳಿ ದಾರ ಕಟ್ಟಿ ಎರಡು ವರ್ಷ ನಡೆಸಿದವಳಿಗೆ ಇನ್ನೆರಡು ವರ್ಷ ಏನೂ ದೊಡ್ಡದಲ್ಲ. ಮೂರು ರಾತ್ರಿಯ ಪ್ರವಾಸ, ನಾನು, ಮನೆಯವರು, ಪಿಯುಸಿ ಓದುತ್ತಿರುವ ಮಗಳು ಸ್ಮಿತಾ, ಮತ್ತು ಅತ್ತೆ. ವೀಣಾ ಅತ್ತೆಯನ್ನು ಕರೆದುಕೊಂಡು ಹೋಗಿರಲಿಲ್ಲ. ನಾನು ಕರೆದುಕೊಂಡು ಹೋಗುತ್ತೇನೆ. ಸಮುದ್ರದ ನಡುವೆ ನಿಲ್ಲಿಸಿದರೆ ಎಂಥವರ ಬಾಯಿಂದಲೂ ಆ ಮಾತು ಹೊರಡಲೇಬೇಕು ಎಂಬುದು ನನ್ನ ಲೆಕ್ಕಾಚಾರವಾಗಿತ್ತು.

ಅಡಚಣೆ ಒಂದೇ. ಅತ್ತೆಗೆ ನೀರು ಆಗುವುದಿಲ್ಲ. ಅವರ ತವರೂರು ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ್ದು, ಆಗ ಅವರಿನ್ನೂ ಲಂಗ ತೊಡುವ ಹುಡುಗಿ. ಅಂದಿನಿಂದ ಇಂದಿನವರೆಗೆ ಅವರು ಲಾಂಚಿಗೆ ಕಾಲಿಟ್ಟಿಲ್ಲ. ವರದಹಳ್ಳಿ, ಇಕ್ಕೇರಿ, ಕೆಳದಿ ಎಂದರೆ ಎಲ್ಲರಿಗಿಂತ ಮೊದಲು ಸೀರೆ ಉಟ್ಟು ನಿಲ್ಲುವ ಹೆಂಗಸು, ಸಿಗಂದೂರು ಎಂದರೆ "ಎಂಗೆ ಬ್ಯಾಡ, ಇಲ್ಲಿಂದ್ಲೇ ಕೈ ಮುಗೀತಿ" ಎನ್ನುತ್ತಿದ್ದರು. ಸೇತುವೆ ಆದಾಗ ನಮ್ಮ ಮನೆಯವರು ಕಾರು ತಂದು ಬಾಗಿಲಿಗೆ ನಿಲ್ಲಿಸಿ, "ಈಗೆಂತ ಹೆದರಿಕೆ ಆಯಿ, ರಸ್ತೆನೇ ಅಲ್ದಾ" ಎಂದರು. ಅತ್ತೆ ಜಗಲಿಯಿಂದ ಏಳಲಿಲ್ಲ. "ಅಡಿಗೆ ಅದೇ ನೀರು ಇದ್ದಲಾ" ಎಂದರು. ಪಾಪ, ಮುದುಕಿಗೆ ಮುಳುಗುವ ಭಯ ಎಂದು ನಾವೆಲ್ಲ ತೀರ್ಮಾನಿಸಿದ್ದೆವು.

ಹಾಗಾಗಿ ಹಡಗಿನ ಸುದ್ದಿ ತೆಗೆದ ಕೂಡಲೇ "ಆನು ಬತ್ನಿಲ್ಲೆ" ಎಂಬ ಉತ್ತರ ಬಂದದ್ದು ಆಶ್ಚರ್ಯವಲ್ಲ. ಅತ್ತೆ ಬದಲಾದದ್ದು ವೀಣಾಳಿಂದ. ಅವಳು ಫೋನಿನಲ್ಲಿ, "ಅಯ್ಯೋ ಅಕ್ಕಾ, ಅತ್ತೆಗೆ ಹಡಗೆಲ್ಲ ಸರಿ ಬರ್ತಿಲ್ಲೆ, ವಯಸ್ಸಾತು" ಎಂದಳು. ನಾನು ಫೋನನ್ನು ಸ್ಪೀಕರಿನಲ್ಲಿ ಇಟ್ಟಿದ್ದೆ. ಬೇಕೆಂದೇ ಇಟ್ಟಿದ್ದೆ ಎಂದು ನೀವು ಭಾವಿಸಿದರೆ ನಾನು ವಾದ ಮಾಡುವುದಿಲ್ಲ. ಮರುದಿನ ಬೆಳಿಗ್ಗೆ ಅತ್ತೆ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಭರಣಿಯಿಂದ ಬಾಟಲಿಗೆ ತುಂಬಿಸುತ್ತಾ ಕೂತಿದ್ದರು. "ಯಾವಾಗ ಹೊರಡದು?" ಎಂದು ಮಾತ್ರ ಕೇಳಿದರು.

ಬಂದರಿನಲ್ಲೇ ನನ್ನ ಗ್ರಹಚಾರ ಕೆಟ್ಟಿತು. ಸಾಮಾನು ತಪಾಸಣೆಯ ಯಂತ್ರ ಕೀಂಯ್ ಎಂದಿತು. ಅತ್ತೆಯ ಕವಳದ ಚೀಲದೊಳಗಿಂದ ಅವರ ಹಿತ್ತಾಳೆ ಹಿಡಿಯ ಅಡಕತ್ತರಿ ಹೊರಗೆ ಬಂತು. ಎಲೆಯಡಿಕೆ ಹಾಕುವವರಿಗೆ ಅದು ಕೈಯ ಆರನೇ ಬೆರಳು. ಅಲ್ಲಿನವರಿಗೆ ಅದು ಆಯುಧ. ಅಡಕತ್ತರಿ ಜಪ್ತಾಗಿ, ವಾಪಸು ಬರುವಾಗ ಕೊಡುತ್ತೇವೆಂದು ಒಂದು ಟೋಕನ್ ಸಿಕ್ಕಿತು. ಉಂಡೆ ಅಡಿಕೆ ಚೀಲದಲ್ಲಿ ಹಾಗೇ ಉಳಿಯಿತು. ಊಟವಾದ ಮೇಲೆ ಕವಳ ಇಲ್ಲದ ಅತ್ತೆಯನ್ನು ನೀವು ನೋಡಿಲ್ಲ. ನೋಡುವುದೂ ಬೇಡ. ಅವರು ಆ ಟೋಕನ್ನನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ನನ್ನತ್ತ ಒಂದು ನೋಟ ಬೀರಿದರು. "ಅಡ್ಡಿಲ್ಲೆ" ಅರಬ್ಬೀ ಸಮುದ್ರದ ತಳಕ್ಕೆ ಇಳಿದುಹೋದದ್ದು ನನ್ನ ಕಣ್ಣಿಗೆ ಕಂಡಿತು.

ಮುಂದಿನ ಎರಡು ದಿನ ಹಡಗು ಒಂದೊಂದಾಗಿ ತನ್ನ ವೈಭವ ತೋರಿಸುತ್ತಾ ಹೋಯಿತು, ಅತ್ತೆ ಒಂದೊಂದಾಗಿ ಅವನ್ನು ನಪಾಸು ಮಾಡುತ್ತಾ ಹೋದರು. ಹಾಸಿಗೆಯ ಮೇಲೆ ಟವೆಲ್ಲಿನಲ್ಲಿ ಆನೆ ಮಾಡಿ ಇಟ್ಟಿದ್ದರು. ಸ್ಮಿತಾ ಫೋಟೋ ತೆಗೆಯುವುದರೊಳಗೆ ಅತ್ತೆ ಅದನ್ನು ಬಿಚ್ಚಿ ತಲೆ ಒರೆಸಿಕೊಂಡರು. ನಾಟಕಶಾಲೆಯಲ್ಲಿ ಕುಣಿಯುವವರನ್ನು ಕಂಡು "ಇವ್ಕೆ ಮನೆ ಇಲ್ಯ?" ಎಂದರು. ಊಟದ ಹಾಲಿನಲ್ಲಂತೂ ದೊಡ್ಡ ಫಜೀತಿ. ನಮ್ಮಲ್ಲಿ ಪಂಕ್ತಿ ಹಾಕಿ ಕೂರಿಸುತ್ತಾರೆ, ಬೇಡ ಬೇಡವೆಂದರೂ ಬಡಿಸುತ್ತಾರೆ, ಎಲೆಗೆ ಕೈ ಅಡ್ಡ ಹಿಡಿಯುವುದೇ ಊಟದ ಅರ್ಧ ಸುಖ. ಇಲ್ಲಿ ಎಪ್ಪತ್ತು ಬಗೆ ಇಟ್ಟಿದ್ದರು, ಬಡಿಸುವವರು ಒಬ್ಬರಿಲ್ಲ. ಅತ್ತೆ ತಟ್ಟೆ ಹಿಡಿದುಕೊಂಡು ಒಂದು ಕಡೆ ನಿಂತರು, ನಿಂತೇ ಇದ್ದರು. ನಾನು ಹೋಗಿ ನೋಡಿದರೆ ಯಾರಾದರೂ ಬಂದು ಬಡಿಸಲಿ ಎಂದು ಕಾಯುತ್ತಿದ್ದಾರೆ! ನಮ್ಮ ಮನೆಯವರಿಗೆ ಈ ಸಂಕೋಚವಿರಲಿಲ್ಲ. ಕೊಟ್ಟ ದುಡ್ಡನ್ನು ಹೊಟ್ಟೆಯ ಮೂಲಕ ವಾಪಸು ತರುವ ಪಣ ತೊಟ್ಟು ದಿನಕ್ಕೆ ಆರು ಸಲ ಉಂಡರು. ಎರಡನೇ ದಿನ ಮಧ್ಯಾಹ್ನಕ್ಕೆ ಓಮದ ನೀರು ಕೇಳಿದರು.

ಅತ್ತೆ ತಕರಾರು ಮಾಡದ ವಸ್ತು ಒಂದೇ, ನಮ್ಮ ಕೋಣೆ. ಅಗ್ಗದ್ದೆಂದು ಹಿಡಿದ ಆ ಕೋಣೆಗೆ ಕಿಟಕಿಯೇ ಇರಲಿಲ್ಲ. ಅಂದದ ಪರದೆಯೇನೋ ಇತ್ತು, ಸರಿಸಿದರೆ ಗೋಡೆ. ನಾವು ಮೂವರೂ ಮೇಲೆ ಡೆಕ್ಕಿನಲ್ಲಿ ಗಾಳಿ ಕುಡಿಯುತ್ತಿದ್ದರೆ ಅವರು ಆ ಡಬ್ಬಿಯೊಳಗೆ ಜಪಸರ ಹಿಡಿದು ಕೂತಿರುತ್ತಿದ್ದರು. ಸಮುದ್ರ ತೋರಿಸಲು ಇಷ್ಟು ದೂರ ಕರೆತಂದ ಮುದುಕಿ ಸಮುದ್ರವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡಿಯಾಯಿತು. ಕೋಣೆಯ ಬಾಗಿಲಲ್ಲಿ ನಿಂತು ನಾನು ಸುತಳಿ ದಾರದ ಕಪಾಟನ್ನು ನೆನೆದು ನಿಟ್ಟುಸಿರು ಬಿಟ್ಟೆ. ಸಿಟ್ಟೂ ಬಂತು. ಯಾರ ಮೇಲೆ ಅಂತ ಬರಬೇಕು, ನನ್ನ ಮೇಲೆಯೇ ಬಂತು.

ಕೊನೆಗೂ ಅವರನ್ನು ಹೊರಗೆ ತಂದದ್ದು ಅಪ್ಪೆಮಿಡಿ. ಊಟದ ಮೇಜಿನಲ್ಲಿ ನಮ್ಮ ಪಕ್ಕ ಸೂರತ್ತಿನ ಒಬ್ಬ ಅಜ್ಜಿ ಕೂರುತ್ತಿದ್ದರು. ಬಡಿಸಿಕೊಳ್ಳಲು ಬಾರದ ಅತ್ತೆ ಮೂರನೇ ದಿನ ಬಡಿಸಲು ಶುರು ಮಾಡಿದರು. ಬಾಟಲಿ ತೆಗೆದು ಆ ಅಜ್ಜಿಯ ತಟ್ಟೆಗೆ ಒಂದು ಮಿಡಿ ಹಾಕಿದರು. ಅಜ್ಜಿ ಕೈ ಅಡ್ಡ ಹಿಡಿದರು. ಅತ್ತೆಯ ಮುಖ ಅರಳಿತು, ಇನ್ನೊಂದು ಹಾಕಿದರು. ಒಬ್ಬರಿಗೆ ಗುಜರಾತಿ, ಒಬ್ಬರಿಗೆ ಹವ್ಯಕ ಕನ್ನಡ, ಇಬ್ಬರಿಗೂ ಇನ್ನೊಬ್ಬರ ಭಾಷೆ ಒಂದಕ್ಷರ ಬಾರದು. ಆದರೂ ಸೊಸೆಯಂದಿರ ಬಗ್ಗೆ ಮಾತಾಡಿಕೊಂಡರು ಎಂಬುದು ನನ್ನ ಗುಮಾನಿ, ಇಬ್ಬರೂ ನಡುನಡುವೆ ನನ್ನ ಕಡೆ ನೋಡುತ್ತಿದ್ದರು. ಸಂಜೆ ಆ ಅಜ್ಜಿ ಕೋಣೆಯ ಬಾಗಿಲಿಗೇ ಬಂದು ಅತ್ತೆಯ ಕೈ ಹಿಡಿದು ಎಬ್ಬಿಸಿ ಡೆಕ್ಕಿಗೆ ನಡೆಸಿಕೊಂಡು ಹೋದರು. ಉಪ್ಪಿನಕಾಯಿ ತಿಂದವರ ಕೈ ಕೊಸರಿಕೊಳ್ಳುವುದು ಹೇಗೆ? ಅತ್ತೆ ಹೋದರು. ನಾನು ಹಿಂದೆಯೇ ಓಡಿದೆ.

ಸುತ್ತಲೂ ನೀರು. ದಡ ಎಂಬುದು ಯಾವ ದಿಕ್ಕಿಗೂ ಇಲ್ಲ. ಅತ್ತೆ ಕಂಬಿಯಿಂದ ನಾಲ್ಕು ಹೆಜ್ಜೆ ಹಿಂದೆಯೇ ನಿಂತುಬಿಟ್ಟರು. ಕಾಲಿನ ಚಪ್ಪಲಿ ಬಿಟ್ಟು ಬದಿಗೆ ಇಟ್ಟರು. ತಲೆ ತಿರುಗುತ್ತದೇನೋ ಎಂದು ನಾನು ಭುಜ ಹಿಡಿದೆ. ಅವರು ಬಹಳ ಸಣ್ಣ ದನಿಯಲ್ಲಿ ಕೇಳಿದರು.

"ಇದ್ರ ಅಡಿಗೆ ಯಾರ ಊರು ಇದ್ದೇ?"

"ಯಾರದ್ದೂ ಇಲ್ಲೆ ಅತ್ತೆ. ಇದು ಸಮುದ್ರ."

"ಮನೆ? ದೇವಸ್ಥಾನ? ಎಂತದೂ ಇಲ್ಯ?"

"ಎಂತದೂ ಇಲ್ಲೆ."

"ಯಾರನ್ನೂ ಎಬ್ಸಿ ಕಳ್ಸಿದ್ವಿಲ್ಯ?"

"ಇಲ್ಲೆ ಅತ್ತೆ. ಮೊದಲಿಂದ್ಲೂ ಬರೀ ನೀರೇ."

ಅತ್ತೆ ನನ್ನ ಮುಖವನ್ನೇ ನೋಡಿದರು, ಸುಳ್ಳು ಹೇಳುತ್ತಿದ್ದೇನಾ ಎಂದು. ಆಮೇಲೆ ಹೇಳಿದರು, "ನಿಂಗೊ ಎಲ್ಲ ಲಾಂಚಲ್ಲಿ ಹೋಗಿ ಚೊಲೋ ಇದ್ದು ಚೊಲೋ ಇದ್ದು ಹೇಳ್ತಿ. ಅಪ್ಪನ ಮನೆ ಮಾಡಿನ ಮೇಲೆ ಚಪ್ಪಲಿ ಹಾಕ್ಯಂಡು ಹೋಪಲೆ ಆಗ್ತನೆ?"

ಅರವತ್ತು ವರ್ಷದ ಭಯ ಎಂದು ನಾವು ತಿಳಿದದ್ದು ಭಯವೇ ಆಗಿರಲಿಲ್ಲ, ನೋಡಿ. ಮುಳುಗಿದ ಮನೆಯ ಸೂರು ತುಳಿಯಬಾರದೆಂಬ ಮರ್ಯಾದೆ ಅದು. ಇಪ್ಪತ್ತೇಳು ವರ್ಷ ಒಂದೇ ಒಲೆಯ ಮುಂದೆ ಕೂತ ನನಗೆ ಇದು ಗೊತ್ತಿರಲಿಲ್ಲ. ಕೇಳಿರಲೂ ಇಲ್ಲ. ನಾಚಿಕೆಯಾಯಿತು. ಕಣ್ಣಲ್ಲಿ ನೀರೂ ಬಂತು, ಗಾಳಿಗೆ ಎಂದು ಹೇಳಿಕೊಂಡೆ. ಇಷ್ಟಾದರೂ ಮೇಷ್ಟ್ರಿಕೆಯ ಬುದ್ಧಿ ಬಿಡುತ್ತದೆಯೇ? ಆ ಹೊತ್ತಿನಲ್ಲೇ ದ್ವಾರಕೆ ನೆನಪಾಯಿತು. ಇದೇ ಸಮುದ್ರದ ಬಡಗಣ ಮೂಲೆಯಲ್ಲಿ ಒಂದು ಇಡೀ ರಾಜಧಾನಿ ಮುಳುಗಿದ ಕಥೆಯನ್ನು ವರ್ಷವರ್ಷವೂ ಮಕ್ಕಳಿಗೆ ಹೇಳುವವಳು ನಾನು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಗೊತ್ತಿದ್ದದ್ದನ್ನು ಹೇಳದೆ ಬಿಟ್ಟದ್ದು ನನ್ನ ವೃತ್ತಿಜೀವನದಲ್ಲಿ ಅದೊಂದೇ ಸಲ. ಆ ಪುಣ್ಯ ನನ್ನ ಖಾತೆಗೆ ಬರಲಿ.

ಅತ್ತೆ ಚಪ್ಪಲಿ ಮತ್ತೆ ಮೆಟ್ಟಿಕೊಂಡರು. ನನ್ನ ಕೈ ಬಿಡಿಸಿಕೊಂಡು ನಾಲ್ಕು ಹೆಜ್ಜೆ ಮುಂದೆ ಹೋಗಿ ಎರಡೂ ಕೈಯಲ್ಲಿ ಕಂಬಿ ಹಿಡಿದು ಬಗ್ಗಿ ನೋಡಿದರು. ಸೂರತ್ತಿನ ಅಜ್ಜಿ ಒಂದು ಕಡೆ, ನಾನು ಇನ್ನೊಂದು ಕಡೆ. ಹೊತ್ತು ಮುಳುಗುವವರೆಗೂ ಅವರು ಅಲ್ಲಿಂದ ಕದಲಲಿಲ್ಲ. ಕಡೆಗೆ, ಯಾರಿಗೂ ಅಲ್ಲದ ಹಾಗೆ, "ಹಾಂಗಾರೆ ಅಡ್ಡಿಲ್ಲೆ" ಎಂದರು.

ಬಂತು! ಇಪ್ಪತ್ತೇಳು ವರ್ಷ ಕಾದ ಮಾತು ನನ್ನ ಕಿವಿಯ ಪಕ್ಕದಲ್ಲೇ ಹಾದು ನೇರ ಅರಬ್ಬೀ ಸಮುದ್ರಕ್ಕೆ ಹೋಯಿತು. ನನ್ನದೇನಿದೆ ಅದರಲ್ಲಿ? ಸಮುದ್ರವನ್ನು ನಾನು ಮಾಡಿದ್ದಲ್ಲ, ಅದಕ್ಕೆ ಉಪ್ಪು ಹಾಕಿದ್ದೂ ನಾನಲ್ಲ. ಆದರೂ ಸತ್ಯ ಹೇಳಲಾ, ನನಗೆ ತಂಬುಳಿಯ ಮೇಲಿನ ಹೊಟ್ಟೆಕಿಚ್ಚು ಅವತ್ತೇ ಇಳಿಯಿತು.

ಮುಂಬೈಯಲ್ಲಿ ಇಳಿದಾಗ ಅತ್ತೆ ಸೆರಗಿನ ಗಂಟು ಬಿಚ್ಚಿ ಟೋಕನ್ ಕೊಟ್ಟು ಅಡಕತ್ತರಿ ಪಡೆದರು. ಅಲ್ಲೇ ಒಂದು ಬೆಂಚಿನ ಮೇಲೆ ಕೂತು ಅಡಿಕೆ ಕತ್ತರಿಸಿ ಕವಳ ಹಾಕಿದರು. ಒಂದು ಹೋಳು ನನ್ನ ಕೈಗೂ ಇಟ್ಟರು. ನಾನು ಅಡಿಕೆ ತಿನ್ನುವವಳಲ್ಲ. ತಿಂದೆ.

ಮನೆಗೆ ಬಂದ ಮರುದಿನವೇ ವೀಣಾಳ ಫೋನು. "ಅಕ್ಕಾ, ಹ್ಯಾಂಗಿತ್ತು? ಕ್ಯಾಸಿನೋ ನೋಡಿದ್ರಾ? ಈಜುಕೊಳ? ಕಡೇ ದಿನದ ಡ್ಯಾನ್ಸು? ಅಷ್ಟು ದುಡ್ಡು ಕೊಟ್ಟು ಅತ್ತೆಗೆ ಎಂತ ತೋರ್ಸಿದ್ರಿ?"

ಕಪಾಟಿನ ಬಾಗಿಲಿನ ಸುತಳಿ ದಾರ ಬಿಗಿಯುತ್ತಾ ನಾನು, "ನೀರು" ಎಂದೆ.

"ನೀರಾ? ಬರೀ ನೀರಾ?"

ಒಳಗಡೆ ಅತ್ತೆಯ ಅಡಕತ್ತರಿ ಕಟಕ್ ಎಂದಿತು.

"ಹೌದು ವೀಣಾ," ಎಂದೆ, "ಬರೀ ನೀರು."